ಬಾಲ್ಯದ ಕಾರ್ಟೂನುಗಳೂ ದೊಡ್ಡವರ ಜ್ಞಾಪಕಶಕ್ತಿಯೂ

ನಮ್ಮ ಹಳೇ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಅವರು ಒಂದೆಡೆ ಸೇರಿದಾಗ ಮಕ್ಕಳ ವಿಷಯವಾಗಿ ಮಾತು ಬಾರದೆ ಇರುವುದಿಲ್ಲ. ಆ ಮಾತಿನಲ್ಲಿ ಒಂದು ಆಕ್ಷೇಪಣೆಯೂ ತಪ್ಪುವುದಿಲ್ಲ. ಈ ಕಾಲದ ಕಾರ್ಟೂನುಗಳಲ್ಲಿ ಗದ್ದಲವಲ್ಲದೆ ಬೇರೇನೂ ಇಲ್ಲ, ತಾವು ಚಿಕ್ಕವರಾಗಿದ್ದಾಗ ನೋಡಿದವುಗಳಲ್ಲಿ ಕಥೆಯಿತ್ತು, ನೀತಿಯಿತ್ತು ಎಂಬುದೇ ಆ ಆಕ್ಷೇಪಣೆ. ರಾಜಾಜಿನಗರದಿಂದ ಕೆಂಗೇರಿಯ ವರೆಗೆ ಯಾವ ಮನೆಯಲ್ಲಿ ಕೇಳಿದರೂ ಇದೇ ತೀರ್ಪು. ತೀರ್ಪು ಸರಿಯೋ ತಪ್ಪೋ ಎಂಬುದು ಹಾಗಿರಲಿ. ಅದಕ್ಕೆ ಆಧಾರವಾಗಿ ನಿಂತಿರುವ ಸಾಕ್ಷಿ ಒಂದೇ, ಅದು ದೊಡ್ಡವರ ಜ್ಞಾಪಕಶಕ್ತಿ. ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸದೆ ತೀರ್ಪು ಕೊಡುವುದು ನ್ಯಾಯವಲ್ಲವಾದುದರಿಂದ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ನಲವತ್ತರ ಆಸುಪಾಸಿನವರನ್ನು ವಿಚಾರಿಸಿದರೆ ಮೊದಲು ಬರುವ ಹೆಸರು ಮೋಗ್ಲಿಯದು. ಕಿಪ್ಲಿಂಗನು ೧೮೯೪ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಆಧಾರವಾಗಿಟ್ಟುಕೊಂಡು, ಜಪಾನಿನ ನಿಪ್ಪಾನ್ ಆ್ಯನಿಮೇಷನ್ ಸಂಸ್ಥೆಯವರು ೧೯೮೯ರಲ್ಲಿ ೫೨ ಕಂತುಗಳ ಚಿತ್ರಮಾಲೆಯೊಂದನ್ನು ಸಿದ್ಧಪಡಿಸಿದರು. ಅದು ಹಿಂದೀ ಮಾತುಗಳನ್ನು ತೊಟ್ಟು ೧೯೯೩ರಲ್ಲಿ ಭಾನುವಾರದ ಬೆಳಿಗ್ಗೆ ದೂರದರ್ಶನದಲ್ಲಿ ಬಂದಿತು. ಗುಲ್ಜಾರರು ಬರೆದು ವಿಶಾಲ್ ಭಾರದ್ವಾಜರು ರಾಗ ಹಾಕಿದ ಪ್ರಾರಂಭಗೀತೆ ಜಪಾನೀ ಮೂಲದಲ್ಲಿ ಇರಲಿಲ್ಲ. ಅದು ಭಾರತದ ಮಕ್ಕಳಿಗಾಗಿಯೇ ರಚಿತವಾದುದು. ಶೇರ್ ಖಾನನ ಗರ್ಜನೆಗೆ ಕಂಠ ಕೊಟ್ಟವರು ನಾನಾ ಪಾಟೇಕರರು. ಇವಿಷ್ಟನ್ನೂ ನಮ್ಮವರು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ. ಹಾಡನ್ನು ಹೇಳಿರೆಂದರೆ ಅಕ್ಷರ ತಪ್ಪದೆ ಹೇಳುತ್ತಾರೆ. ನಾಲ್ಕು ಮಂದಿ ಸೇರಿದ್ದರೆ ಕೈತಾಳವೂ ಕೂಡಿಕೊಳ್ಳುತ್ತದೆ. ಆದರೆ ಯಾವುದಾದರೂ ಒಂದು ಕಂತಿನ ಕಥೆಯನ್ನು ಆದಿಯಿಂದ ಅಂತ್ಯದ ವರೆಗೆ ಹೇಳಿರೆಂದಾಗ ಅದೇ ನಾಲ್ವರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುವರು.

ಕಾ ಎಂಬ ಹೆಬ್ಬಾವು ಮೋಗ್ಲಿಗೆ ಮಿತ್ರನೋ ಶತ್ರುವೋ ಎಂದು ಕೇಳಿನೋಡಬಹುದು. ಕಿಪ್ಲಿಂಗನ ಪುಸ್ತಕದಲ್ಲಿ ಕೋತಿಗಳ ಕೈಯಿಂದ ಬಾಲಕನನ್ನು ಬಿಡಿಸಿದವನೇ ಕಾ. ಡಿಸ್ನಿಯವರ ೧೯೬೭ರ ಚಲನಚಿತ್ರದಲ್ಲಾದರೋ ಅವನನ್ನು ನುಂಗಲು ಹವಣಿಸುವವನೂ ಕಾ. ಎರಡನ್ನೂ ಬೇರೆ ಬೇರೆ ಕಾಲದಲ್ಲಿ ಕಂಡವರ ಮನಸ್ಸಿನಲ್ಲಿ ಎರಡು ಹಾವುಗಳೂ ಹೆಣೆದುಕೊಂಡುಬಿಟ್ಟಿವೆ. ಭಾಲೂವಿನ ಪಾಡು ಇನ್ನೂ ವಿಚಿತ್ರ. ಅದೇ ದಶಕದಲ್ಲಿ ದೂರದರ್ಶನವು 'ಟೇಲ್ ಸ್ಪಿನ್' ಎಂಬ ಡಿಸ್ನಿ ಚಿತ್ರಮಾಲೆಯನ್ನೂ ಹಿಂದಿಯಲ್ಲಿ ತೋರಿಸುತ್ತಿತ್ತು. ಅಲ್ಲಿ ಭಾಲೂ ವಿಮಾನ ನಡೆಸುವವನು. ಶೇರ್ ಖಾನನೋ ಕೋಟು ತೊಟ್ಟ ಶ್ರೀಮಂತ ವ್ಯಾಪಾರಿ! ಒಂದೇ ಹುಲಿ ಒಂದು ಕಥೆಯಲ್ಲಿ ಕಾಡಿನಲ್ಲಿ ಹೊಂಚುಹಾಕಿ, ಇನ್ನೊಂದರಲ್ಲಿ ಕಚೇರಿಯ ಮೇಜಿನ ಹಿಂದೆ ಕುಳಿತಿದ್ದರೆ, ಎಂಟು ವರ್ಷದ ಮಗುವಿನ ಮನಸ್ಸು ಎರಡಕ್ಕೂ ಪ್ರತ್ಯೇಕ ಪೆಟ್ಟಿಗೆಗಳನ್ನು ಮಾಡಿಟ್ಟುಕೊಳ್ಳಲೆಂದು ನಿರೀಕ್ಷಿಸುವುದು ಹೇಗೆ?

ಇದು ಬೆಂಗಳೂರಿನವರ ದೋಷವಲ್ಲ. ೧೯೩೨ರಲ್ಲಿಯೇ ಕೇಂಬ್ರಿಜಿನ ಬಾರ್ಟ್ಲೆಟ್ ಎಂಬ ಮನಶ್ಶಾಸ್ತ್ರಜ್ಞನು, ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಓದಿಸಿ ಮತ್ತೆ ಮತ್ತೆ ಹೇಳಿಸಿದಾಗ, ಓದಿದವರು ತಮಗೆ ವಿಚಿತ್ರವೆನಿಸಿದ ಭಾಗಗಳನ್ನು ಕೈಬಿಟ್ಟು ಪರಿಚಿತವಾದುದನ್ನು ಸೇರಿಸಿಕೊಳ್ಳುವರೆಂದು ತೋರಿಸಿದನು. ಕಾರ್ಟೂನುಗಳ ವಿಷಯದಲ್ಲಿಯೇ ಶಿಕಾಗೋ ವಿಶ್ವವಿದ್ಯಾನಿಲಯದ ದೀಪಶ್ರೀ ಪ್ರಸಾದ್ ಮತ್ತು ವಿಲ್ಮಾ ಬೈನ್‌ಬ್ರಿಜ್ ಅವರು ೨೦೨೨ರಲ್ಲಿ ಪ್ರಕಟಿಸಿದ ಪರಿಶೋಧನೆ ಇನ್ನೂ ಸ್ವಾರಸ್ಯವಾದುದು. ಪ್ರಸಿದ್ಧವಾದ ಚಿತ್ರಗಳ ಸರಿಯಾದ ರೂಪವನ್ನೂ ತಿದ್ದಿದ ರೂಪಗಳನ್ನೂ ಒಟ್ಟಿಗೆ ತೋರಿಸಿ ನಿಜವಾದುದನ್ನು ಆರಿಸಲು ಹೇಳಿದಾಗ, ಪಿಕಾಚುವಿನ ಬಾಲದ ತುದಿ ಕಪ್ಪೆಂದೇ ಬಹುಮಂದಿ ಸಾಧಿಸಿದರು. ಅದರ ಬಾಲದ ತುದಿ ಹಳದಿ. ಕಪ್ಪಿರುವುದು ಕಿವಿಗಳ ತುದಿ. ಕ್ಯೂರಿಯಸ್ ಜಾರ್ಜ್ ಎಂಬ ಮರಿಕೋತಿಗೆ ಬಾಲವೇ ಇಲ್ಲ. ಆದರೂ ಜನರು ಅದಕ್ಕೆ ಬಾಲವನ್ನು ಜೋಡಿಸಿದರು. ಕೋತಿಯೆಂದ ಮೇಲೆ ಬಾಲವಿರಲೇಬೇಕೆಂಬ ತಿಳುವಳಿಕೆಯೇ ಇದಕ್ಕೆ ಕಾರಣವೆನ್ನೋಣವೆಂದರೆ, ಪಿಕಾಚುವಿನ ವಿಷಯದಲ್ಲಿ ಆ ಸಮಾಧಾನ ಸಾಲದು. ಗಮನಿಸತಕ್ಕದ್ದೇನೆಂದರೆ, ಒಬ್ಬೊಬ್ಬರು ಒಂದೊಂದು ಬಗೆಯಾಗಿ ತಪ್ಪಲಿಲ್ಲ; ಪರಸ್ಪರ ಪರಿಚಯವಿಲ್ಲದವರೂ ಒಂದೇ ತಪ್ಪನ್ನು ದೃಢವಿಶ್ವಾಸದಿಂದ ಮಾಡಿದರು. ಆದಕಾರಣ ಹತ್ತು ಮಂದಿ ತಾಯಂದಿರು ಒಂದೇ ಮಾತನ್ನು ಹೇಳಿದರೆಂಬ ಮಾತ್ರಕ್ಕೆ ಅದು ರುಜುವಾತಾಯಿತೆನ್ನುವಂತಿಲ್ಲ.

ಹಾಗಾದರೆ ಉಳಿಯುವುದೇನೂ ಇಲ್ಲವೇ? ಉಂಟು, ಮತ್ತು ಉಳಿದುದು ಬಹಳ ಚೆನ್ನಾಗಿ ಉಳಿದಿದೆ. ವಿಜಯನಗರದ ವಠಾರದಲ್ಲಿ ಬೆಳೆದವರು ಕಥೆಯನ್ನು ಮರೆತಿದ್ದರೂ ಟೆಲಿವಿಷನ್ನು ಯಾರ ಮನೆಯದು, ಹೊಸ್ತಿಲಿನ ಹೊರಗೆ ಕುಳಿತವರು ಯಾರು, ಎಣ್ಣೆನೀರಿನ ತಲೆಯನ್ನು ಒರೆಸಿಕೊಳ್ಳುತ್ತಲೇ ಓಡಿಬಂದವಳು ಯಾರು, ಆ ಹೊತ್ತಿಗೆ ಸರಿಯಾಗಿ ವಿದ್ಯುಚ್ಛಕ್ತಿ ಹೋದಾಗ ಅತ್ತವಳು ಯಾರು ಎಂಬುದನ್ನು ಒಂದೂ ಬಿಡದೆ ವರ್ಣಿಸಬಲ್ಲರು. ಅವರಿಗಿಂತ ಹಿರಿಯರಾದವರು ೧೯೮೬ರ 'ಮಾಲ್ಗುಡಿ ಡೇಸ್' ನೆನೆದು, ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳೊಂದಿಗೆ ಬರುತ್ತಿದ್ದ ಎಲ್. ವೈದ್ಯನಾಥನ್ನರ ರಾಗವನ್ನು ಗುನುಗುತ್ತಾರೆ. ೧೯೯೫ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಬಂದ ಮೇಲೆ ಕೇಬಲ್ಲು ಹಾಕಿಸಿಕೊಂಡ ಮನೆಯವರಿಗೆ, ಬೆಕ್ಕು ಇಲಿಗಳ ಓಟ ನಿಂತು ಅದೇ ಚಾನೆಲ್ಲಿನಲ್ಲಿ ಹಳೆಯ ಇಂಗ್ಲಿಷ್ ಚಲನಚಿತ್ರಗಳು ಶುರುವಾಗುತ್ತಿದ್ದ ಆ ಬೇಸರದ ಗಳಿಗೆ ಈಗಲೂ ನೆನಪಿದೆ. ರಾಗ, ವೇಳೆ, ಸಂಗಡಿಗರು: ಇವೇ ಉಳಿದುವು. ನೀತಿಯೆಂದು ನಾವು ಹೇಳಿಕೊಳ್ಳುವುದು ಬಹುಮಟ್ಟಿಗೆ ಆ ಸಂಗಡಿಗರ ಪ್ರೀತಿಯೇ ಹೊರತು ಕಥೆಯೊಳಗಿನ ಬೋಧೆಯಲ್ಲವೆಂದು ನನಗೆ ತೋರುತ್ತದೆ.

ಇನ್ನೊಂದು ಸಂಗತಿ ಕನ್ನಡ ಮನೆಗಳಿಗೆ ವಿಶೇಷವಾದುದು. ಬಸವೇಶ್ವರನಗರದಲ್ಲಿರುವ ಹಳೇ ವಿದ್ಯಾರ್ಥಿನಿಯೊಬ್ಬರು ಮೋಗ್ಲಿಯ ಹಾಡನ್ನು ಮಗಳಿಗೆ ಕಲಿಸಲು ಹೋದರು. ಮಗಳು ಅದರ ಅರ್ಥವನ್ನು ಕೇಳಿದಳು. ಮೂವತ್ತು ವರ್ಷ ಹಾಡಿದ ತಾಯಿಗೆ ಎರಡನೆಯ ಸಾಲಿನಲ್ಲಿಯೇ ತೊಡಕಾಯಿತು. ಮಗ್ಗಿಯನ್ನು ಉರುಹೊಡೆದಂತೆ ಒಂದು ತಲೆಮಾರಿನ ಮಕ್ಕಳು ತಮಗೆ ತಿಳಿಯದ ಭಾಷೆಯ ಶಬ್ದಗಳನ್ನು ಎದೆಯಲ್ಲಿಟ್ಟುಕೊಂಡರು. ಇದಕ್ಕೆ ಕಾರಣ ಗುಟ್ಟೇನಲ್ಲ. ೧೯೬೦ರ ದಶಕದಿಂದ ನಮ್ಮ ಚಿತ್ರರಂಗವು ಡಬ್ಬಿಂಗನ್ನು ವಿರೋಧಿಸುತ್ತ ಬಂದಿತು. ಟೆಲಿವಿಷನ್ನೂ ಆ ಕಟ್ಟಳೆಗೆ ಒಳಪಟ್ಟಿತು. ಕನ್ನಡ ಕಲಾವಿದರ ಅನ್ನವನ್ನು ಕಾಯುವ ಉದ್ದೇಶ ಒಳ್ಳೆಯದೇ. ಆದರೆ ಅದರ ಬೆಲೆಯಲ್ಲಿ ಒಂದು ಪಾಲನ್ನು ತೆತ್ತವರು ಮಕ್ಕಳು; ಅವರನ್ನು ಯಾರೂ ಕೇಳಲಿಲ್ಲ. ಕನ್ನಡದಲ್ಲಿ ಮಾತನಾಡುವ ಕಾರ್ಟೂನುಗಳಿಗೆಂದೇ ಚಿಂಟು ಟಿವಿ ಬಂದುದು ೨೦೦೯ರಲ್ಲಿ. ಭಾರತದ ಸ್ಪರ್ಧಾ ಆಯೋಗವು ಡಬ್ಬಿಂಗಿಗೆ ಅಡ್ಡಿಪಡಿಸುವುದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತುದು ೨೦೧೫ರಲ್ಲಿ. ಅಷ್ಟರಲ್ಲಿ ೧೯೯೩ರ ಮಕ್ಕಳು ತಾವೇ ತಾಯಿತಂದೆಗಳಾಗುವ ವಯಸ್ಸಿಗೆ ಬಂದಿದ್ದರು.

ಈಗಿನ ಮಕ್ಕಳಿಗೆ ಆ ಕೊರತೆಯಿಲ್ಲ. ಬೆಂಗಳೂರಿನ ಇನ್ಫೋಬೆಲ್ಸ್ ಸಂಸ್ಥೆಯವರ ಶಿಶುಗೀತೆಗಳು ಕನ್ನಡದಲ್ಲಿಯೇ ದೊರೆಯುತ್ತವೆ. ಕೊರತೆ ಬಂದಿರುವುದು ಬೇರೆ ಕಡೆಯಿಂದ. ಊಟದ ತಟ್ಟೆಯ ಮುಂದೆ ಮೊಬೈಲನ್ನು ಒರಗಿಸಿ ತಾಯಿ ಅಡುಗೆಯ ಮನೆಗೆ ಹೋಗುವಳು. ತಂದೆಯು ತನ್ನ ಮೊಬೈಲಿನಲ್ಲಿ ಮುಳುಗಿರುವನು. (ತಂದೆಗಳು ಕ್ಷಮಿಸಬೇಕು.) ಕಾರ್ಟೂನಿಗೆ ಗೊತ್ತಾದ ವೇಳೆಯಿಲ್ಲ, ಹೊಸ್ತಿಲಿನ ಹೊರಗೆ ಯಾರೂ ಕುಳಿತಿಲ್ಲ, ಕಾಯುವ ವಾರವೇ ಇಲ್ಲ. ಹೀಗಿರಲಾಗಿ, ಈ ಕಾರ್ಟೂನು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದವನ್ನು ನಾವು ಅತಿಯಾಗಿ ಬೆಳೆಸಿದ್ದೇವೆಂದೂ, ಮಗು ಅದನ್ನು ಯಾರೊಡನೆ ನೋಡುತ್ತದೆ ಎಂಬುದನ್ನು ಕೇಳುವುದೇ ಇಲ್ಲವೆಂದೂ ನನ್ನ ದೂರು.

ಹಳೆಯದೇ ಮೇಲೆಂದು ಸಾಧಿಸುವ ತಾಯಂದಿರು ಒಂದು ಭಾನುವಾರ ಬೆಳಿಗ್ಗೆ ಮಗಳನ್ನೂ, ಸಾಧ್ಯವಾದರೆ ಪಕ್ಕದ ಮನೆಯ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು, ತಮ್ಮ ಬಾಲ್ಯದ ಒಂದು ಕಂತನ್ನು ಮೊದಲಿನಿಂದ ಕೊನೆಯ ವರೆಗೆ ನೋಡಲಿ. ಅದು ಮುಗಿದ ಮೇಲೆ ಮಗಳು ಮೆಚ್ಚಿದ ಕಾರ್ಟೂನನ್ನೂ ಅಷ್ಟೇ ತಾಳ್ಮೆಯಿಂದ, ಮಧ್ಯದಲ್ಲಿ ಏಳದೆ ನೋಡಲಿ. ಆಮೇಲೆ ಅವರು ಕೊಡುವ ತೀರ್ಪು ಯಾವುದಿದ್ದರೂ ನಾನು ಅದನ್ನು ಆದರದಿಂದ ಕೇಳುವೆನು.