ಬಸವನಗುಡಿಯನ್ನು ನಡೆದೇ ನೋಡಬೇಕು



1898ರ ಪ್ಲೇಗಿನಲ್ಲಿ ನಲುಗಿದ ಇಕ್ಕಟ್ಟಿನ ಪೇಟೆಗೆ ಉತ್ತರವಾಗಿ ರೂಪುಗೊಂಡ ಬಡಾವಣೆ ಬೆಂಗಳೂರಿನ ಬಸವನಗುಡಿ. ಗಾಳಿ ಬೆಳಕು ಬರಲೆಂದೇ ಅಲ್ಲಿ ಅಗಲವಾದ ರಸ್ತೆಗಳನ್ನು ಬಿಟ್ಟರು. ಅದರ ಸೊಬಗು ಕಾರಿನ ಕಿಟಕಿಗೆ ದಕ್ಕುವುದಿಲ್ಲ. ಗಾಂಧಿ ಬಜಾರಿನ ಹೂವಿನ ರಾಶಿ, 1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನ, ಕಹಳೆ ಬಂಡೆ, ಅದರ ಪಕ್ಕದಲ್ಲೇ ಏಕಶಿಲೆಯ ದೊಡ್ಡ ಬಸವ: ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ನನಗಂತೂ ಇವುಗಳಿಗಿಂತ ಹೆಚ್ಚು ಇಷ್ಟವಾಗುವುದು ಅಡ್ಡರಸ್ತೆಗಳ ಹಳೆಯ ಮನೆಗಳು. ಕೆಂಪು ಹೆಂಚು, ಜಗಲಿ, ಕಿಟಕಿಯ ಮೇಲೆ ಮರದ ಚೂಪು ಮಾಡು, ಅಂಗಳದಲ್ಲೊಂದು ಸಂಪಿಗೆ. ಅಂಥ ಮನೆಗಳು ಒಂದೊಂದಾಗಿ ನೆಲಸಮವಾಗುತ್ತಿವೆ. ಪಾದಚಾರಿ ಮಾರ್ಗದ ಮೇಲೆ ಬೈಕುಗಳು ನಿಂತು ವೃದ್ಧರು ರಸ್ತೆಗಿಳಿಯಬೇಕಾಗಿದೆ. ನಗರಾಡಳಿತವು ಉಳಿದ ಹಳೆಯ ಮನೆಗಳ ಮಾಲೀಕರಿಗೆ ತೆರಿಗೆ ರಿಯಾಯಿತಿ ಕೊಡಲಿ, ಪಾದಚಾರಿ ಮಾರ್ಗಗಳನ್ನು ಕೂಡಲೇ ತೆರವುಗೊಳಿಸಲಿ.

– ಓದುಗ, ಬೆಂಗಳೂರು