ಟಿ.ಸಿ. ಕೇಳುವ ಮುಂಚೆ ಶನಿವಾರ ಶಾಲೆಗೆ ಬನ್ನಿ



“ಸ್ಕೂಲಿಗೆ ಸೇರಿ ಮೂರು ತಿಂಗಳಾಯ್ತು, ಇನ್ನೂ ಅ ಆ ಇ ಈ ಬರಲ್ಲ. ಟೀಚರು ಬರೀ ಆಟ ಆಡಿಸ್ತಾರೆ.” ನಲ್ಲಿ ಹತ್ತಿರ, ಅಂಗಡಿ ಮುಂದೆ, ಎಲ್ಲಿ ನಿಂತರೂ ಇದೇ ಮಾತು. ಇದನ್ನು ನಂಬಿ ಮಗುವನ್ನು ಬೇರೆ ಶಾಲೆಗೆ ಸೇರಿಸಲು ಟಿ.ಸಿ. (ವರ್ಗಾವಣೆ ಪತ್ರ) ಕೇಳಲು ಹೊರಟವರೂ ಇದ್ದಾರೆ. ಹೊರಡುವ ಮುಂಚೆ ಒಂದೇ ಒಂದು ಬೆಳಿಗ್ಗೆ ನಮ್ಮ ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ನಲಿ-ಕಲಿ ಕೊಠಡಿಯಲ್ಲಿ ಮಗುವಿನ ಪಕ್ಕ ಕೂತು ನೋಡಿ ಎಂದು ಕೇಳಿಕೊಳ್ಳಲು ಈ ಕರಪತ್ರ ಹಂಚುತ್ತಿದ್ದೇವೆ.

ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದೇ ಅ ಆ ಇ ಈಯಿಂದ ಅಲ್ಲ. ರ, ಗ, ಸ, ದ, ಅ: ಮೊದಲು ಈ ಐದು. ಇಷ್ಟು ಬಂದರೆ ಸಾಕು, ಮಗು ಸರ, ದರ, ಅರಸ, ಅಗಸ ಎಂದು ಓದತೊಡಗುತ್ತದೆ. ಇಡೀ ವರ್ಣಮಾಲೆ ಬಾಯಿಪಾಠ ಒಪ್ಪಿಸುವ ಮಗುವಿನ ಮುಂದೆ ಒಂದು ಪದ ಬರೆದಿಡಿ, ಎಷ್ಟೋ ಸಲ ತಡವರಿಸುತ್ತದೆ. ಇಲ್ಲಿ ಒಂದನೇ ತರಗತಿಯ ಮಗು ಕಾರ್ಡಿನ ಮೇಲೆ ಬೆರಳಿಟ್ಟು ಗ... ರ... ಗ... ಸ... ಎಂದು ಕೂಡಿಸಿ, ತಲೆಯೆತ್ತಿ ಒಂದೇ ಉಸಿರಿಗೆ “ಗರಗಸ!” ಎನ್ನುತ್ತದೆ. ಅದು ಓದು. ಮನೆಯಲ್ಲಿ “ಅ ಆ ಹೇಳು” ಎಂದು ಗದರುವ ಬದಲು ಇಂಥ ಪದ ಬರೆದು ಓದಿಸಿ ನೋಡಿ.

ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪು ಗುಂಪಾಗಿ ಕೂತಿರುವುದನ್ನು ನೋಡಿ ಗಾಬರಿಯಾಗಬೇಡಿ. ಯಾವುದಾದ ಮೇಲೆ ಯಾವುದನ್ನು ಕಲಿಯಬೇಕೆಂದು ತೋರಿಸುವ ಕಲಿಕಾ ಏಣಿ ಗೋಡೆಯ ಮೇಲೆ ಇರುತ್ತದೆ. ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಮಗುವೇ ನೋಡಿಕೊಂಡು ತನ್ನ ಕಾರ್ಡು ತೆಗೆದುಕೊಂಡು ಕೂರುತ್ತದೆ. ಜ್ವರ ಬಂದು, ಇಲ್ಲವೇ ನಾವು ಕೂಲಿಗೆ ಹೋದಾಗ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದು ನಾಲ್ಕು ದಿನ ತಪ್ಪಿಸಿಕೊಂಡ ಮಗುವಿಗೆ ಪಾಠ ಮುಂದೆ ಓಡಿಹೋಗಿರುವುದಿಲ್ಲ. ಬಿಟ್ಟ ಕಾರ್ಡಿನಿಂದಲೇ ಹಿಡಿಯುತ್ತದೆ. ನಮ್ಮಂಥವರ ಮಕ್ಕಳಿಗೆ ಇದಕ್ಕಿಂತ ಒಪ್ಪುವ ಪದ್ಧತಿ ಬೇರೆ ಇಲ್ಲ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಕಲಿತು, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಶುರುವಾದದ್ದು ಇದು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು.

ಆದರೆ ಪದ್ಧತಿ ಎಷ್ಟೇ ಚೆನ್ನಾಗಿದ್ದರೂ ಟೀಚರು ಬೇಕಲ್ಲ! ನಮ್ಮ ಶಾಲೆಯಲ್ಲಿ ಒಂದರಿಂದ ಐದರವರೆಗೂ ಒಬ್ಬರೇ. ನಲಿ-ಕಲಿ ಗುಂಪಿನಲ್ಲಿ ಕೂತರೆ ನಾಲ್ಕು, ಐದನೇ ತರಗತಿ ಖಾಲಿ. ಅಲ್ಲಿಗೆ ಹೋದರೆ ಚಿಕ್ಕವರು ಅನಾಥ. ನಡುವೆ ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಕಚೇರಿಯ ಮೀಟಿಂಗು. ಅರವತ್ತರೊಳಗೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇದು ಯಾರ ದಯೆಯೂ ಅಲ್ಲ, ನಮ್ಮ ಮಕ್ಕಳಿಗೆ ಸಲ್ಲಬೇಕಾದದ್ದು. ನಾವು ಒಬ್ಬೊಬ್ಬರಾಗಿ ಟಿ.ಸಿ. ತೆಗೆದುಕೊಂಡು ಹೋದರೆ ಏನಾಗುತ್ತದೆ? ಮಕ್ಕಳಿಲ್ಲ ಎಂಬ ಕಾರಣ ಸಿಗುತ್ತದೆ, ಎರಡನೆಯ ಟೀಚರು ಬರುವುದೇ ಇಲ್ಲ. ಆಗ ಬೇರೆ ಶಾಲೆಯ ವ್ಯಾನಿನ ದುಡ್ಡು ಕೊಡಲಾಗದ ಮನೆಯ ಮಕ್ಕಳು ಮಾತ್ರ ಇಲ್ಲಿ ಉಳಿಯುತ್ತಾರೆ.

ಟೀಚರು ಬೇಕೆಂದು ಶಾಲಾ ಸಮಿತಿಯ ಮೂಲಕ ನಾವೇ ಕೇಳಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಎಂದರೆ ಅಧ್ಯಕ್ಷರೊಬ್ಬರ ಸಹಿ ಅಲ್ಲ. ಈ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಅದೇ ಕಾಯ್ದೆಯಲ್ಲಿದೆ. ಆದ್ದರಿಂದ ತಾಯಂದಿರೇ, “ಮನೆಯವರು ಹೋಗ್ತಾರೆ” ಎಂದು ಬಿಡಬೇಡಿ, ನೀವೇ ಬನ್ನಿ.

ಬರುವ ಶನಿವಾರ ಬೆಳಿಗ್ಗೆ ಶಾಲೆಯ ಬೆಲ್ ಹೊಡೆಯುವ ಹೊತ್ತಿಗೆ ಸೇರೋಣ. ಮೊದಲು ತರಗತಿಯಲ್ಲಿ ಕೂತು ನೋಡೋಣ, ಆಮೇಲೆ ಸಭೆ. ಎರಡನೆಯ ಶಿಕ್ಷಕರನ್ನು ಕೊಡಿ, ಅಲ್ಲಿಯವರೆಗೆ ಅತಿಥಿ ಶಿಕ್ಷಕರನ್ನಾದರೂ ಕಳಿಸಿ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರಿಗೆ ಬರೆದ ಅರ್ಜಿ ಸಿದ್ಧವಿದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೂ ಅದಕ್ಕೆ ಅಷ್ಟೇ ಬೆಲೆ. ಸೋಮವಾರ ಅರ್ಜಿ ಕೊಡಲು ಬಿಇಒ ಕಚೇರಿಗೆ ಎಲ್ಲರೂ ಒಟ್ಟಿಗೇ ಹೋಗಬೇಕು. ಅಂದಿನ ಕೆಲಸಕ್ಕೆ ಈಗಲೇ ರಜೆ ಹೇಳಿಡಿ.

ನಿಮ್ಮೂರ ಶಾಲೆಯ ಮಕ್ಕಳ ತಂದೆ-ತಾಯಿಯರು