ಹೂವಿನ ಫೋಟೋ, ಹೊಳೆಯ ಫೋಟೋ

ವಸಂತದಲ್ಲಿ ಸಂಘದ ವತಿಯಿಂದ ಒಂದು ದಿನದ ಹೊರಸಂಚಾರ ಏರ್ಪಡಿಸಿ ಕಾಫಿ ಹೂವನ್ನೂ ಯಗಚಿ ಹೊಳೆಯನ್ನೂ ಫೋಟೋ ತೆಗೆಯಬೇಕೆಂದು ಕಿರಿಯ ಸದಸ್ಯರು ಸೂಚಿಸಿದಾಗ ಕೆಲವು ಹಿರಿಯರು ನಕ್ಕರು. ಹೂವು ನೋಡಲು ಬೆಂಗಳೂರಿನವರು ಬರುತ್ತಾರೆ, ನಾವೂ ಹೋಗಬೇಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೂ ನಾನು ಈ ಸೂಚನೆಯ ಪರ. ಕಾರಣವನ್ನು ಸದಸ್ಯ ಬಂಧುಗಳ ಮುಂದಿಡುತ್ತೇನೆ.

ನಮ್ಮಲ್ಲಿ ಅನೇಕರ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕವಿದೆ. ರೇವತಿ ಮಳೆ ಎಂಬತ್ತು ಸೆಂಟ್ಸ್ ಬಿತ್ತೋ, ನೂರು ತುಂಬಿ ಇಂಚಾಯಿತೋ ಎಂಬುದು ತಂದೆಯ ಕೈಬರಹದಿಂದ ಮಗನ ಕೈಬರಹಕ್ಕೆ ಇಳಿದು ಬಂದಿದೆ. ಆದರೆ ಆ ಮಳೆಗೆ ಹೂವು ಯಾವ ದಿನ ಅರಳಿತು, ತೋಟದ ಯಾವ ಮೂಲೆಯಲ್ಲಿ ಮೊಗ್ಗು ಅರೆಬರೆಯಾಗಿ ನಿಂತಿತು, ಆ ವಾರ ಹಳ್ಳದಲ್ಲಿ ನೀರೆಷ್ಟಿತ್ತು ಎಂಬುದನ್ನು ಬರೆದಿಟ್ಟವರು ವಿರಳ. ಹಿಂದೆ ಹೀಗಿರಲಿಲ್ಲ ಎನ್ನುತ್ತೇವೆ. ಹೇಗಿತ್ತು ಎಂದು ಯಾರಾದರೂ ಕೇಳಿದರೆ ತೋರಿಸಲು ಏನಿದೆ?

ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ, ಎರಡು ಮೂರು ದಿನಕ್ಕೆ ಬಾಡುತ್ತದೆ. ಅರಾಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟೀತು. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಗಾಳಿಯೋ ಜೇನೋ ತಂದುಕೊಡಬೇಕು. ಅರಳಿದ ದಿನವೇ ಮಳೆ ಹೊಡೆದರೆ ಕೆಲಸ ಕೆಟ್ಟಿತು. ಆದ್ದರಿಂದ ಗುರುತು ಮಾಡಿದ ಒಂದು ರೆಂಬೆಯನ್ನು ಅರಳಿದ ದಿನ ಒಮ್ಮೆ, ಕಾಯಿ ಕಚ್ಚಿದ ಮೇಲೆ ಮತ್ತೊಮ್ಮೆ ತೆಗೆದಿಟ್ಟರೆ ಫಸಲು ಎಲ್ಲಿ ಕೈಬಿಟ್ಟಿತೆಂದು ಕಣ್ಣಿಗೇ ಕಾಣುತ್ತದೆ. ಅಡಿಕೆಯವರು ಒಣಗುತ್ತಿರುವ ಹಿಂಗಾರವನ್ನು ಹೀಗೆಯೇ ತೆಗೆದಿಟ್ಟರೆ ತಜ್ಞರಿಗೆ ತೋರಿಸಲು ಅನುಕೂಲ.

ಇನ್ನು ಹೊಳೆಯ ಮಾತು. ನನ್ನ ದೃಷ್ಟಿಯಲ್ಲಿ ಹೂವಿಗಿಂತ ಇದು ಮುಖ್ಯ. ಬಾಬಾಬುಡನ್ ಗಿರಿಯ ಕಡೆ ಹುಟ್ಟಿ ಬೇಲೂರನ್ನು ಹಾದು ಗೊರೂರಿನ ಹತ್ತಿರ ಹೇಮಾವತಿಯನ್ನು ಸೇರುವ ಯಗಚಿಗೆ 2001ರಲ್ಲಿ ಅಣೆಕಟ್ಟಾಯಿತು. ಬಂದವರೆಲ್ಲ ಅಲ್ಲಿಯ ಹಿನ್ನೀರಿನ ಚಿತ್ರ ತೆಗೆದು ಸಂತೋಷಪಡುತ್ತಾರೆ, ಪಡಲಿ. ನಾವು ತೆಗೆಯಬೇಕಾದದ್ದು ಅದನ್ನಲ್ಲ, ಹೊಳೆಗೆ ನೀರು ತರುವ ಮೇಲಿನ ಹಳ್ಳಗಳನ್ನು.

ಒಂದು ಎಕರೆಗೆ ಒಂದು ಇಂಚು ನೀರು ಸ್ಪ್ರಿಂಕ್ಲರಿನಲ್ಲಿ ಕೊಡುವುದೆಂದರೆ ಒಂದು ಲಕ್ಷ ಲೀಟರಿಗೂ ಮಿಕ್ಕ ಲೆಕ್ಕ. ಹತ್ತು ಎಕರೆಗೆ ಹತ್ತು ಲಕ್ಷ. ಮಳೆ ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚಿಯಲ್ಲಿ ಒಂದೇ ಹಳ್ಳಕ್ಕೆ ಎಲ್ಲ ಪಂಪುಗಳೂ ಒಂದೇ ವಾರದಲ್ಲಿ ಇಳಿಯುತ್ತವೆ. ಕಾಫಿಯವನಿಗೆ ಹೂವಿಗೊಮ್ಮೆ, ಅದರ ಹಿಂದೆ ಇನ್ನೊಮ್ಮೆ ನೀರಾದರೆ ಸದ್ಯಕ್ಕೆ ಸಾಕು. ಕೆಳಗಿನ ಅಡಿಕೆಯವನಿಗೆ ಮುಂಗಾರು ಹಿಡಿಯುವವರೆಗೂ ಬೇಕು. ಇಬ್ಬರೂ ನಮ್ಮ ಸಂಘದ ಷೇರುದಾರರೇ! ಆ ಜಗಳ ಕಾರ್ಯದರ್ಶಿಯ ಮೇಜಿಗೆ ಬಂದಾಗ ಮೇಲಿನವರು ನೀರಿತ್ತು ಎನ್ನುತ್ತಾರೆ, ಕೆಳಗಿನವರು ಇರಲಿಲ್ಲ ಎನ್ನುತ್ತಾರೆ. ಸೇತುವೆಯ ಕಂಬವೋ ದೊಡ್ಡ ಬಂಡೆಯೋ ಕಾಣುವಂತೆ, ಪ್ರತಿವರ್ಷ ಅದೇ ಜಾಗದಲ್ಲಿ ನಿಂತು, ಪಂಪು ಹೂಡುವ ಮುಂಚೆ ಒಂದು, ಹೂಡಿದ ಮೇಲೆ ಒಂದು ಫೋಟೋ ತೆಗೆದಿದ್ದರೆ ಪಂಪಿನ ಸರದಿ ಗೊತ್ತುಮಾಡಲು ಆಧಾರವಾದರೂ ಸಿಗುತ್ತದೆ. ಇದು ಕೆಲವರಿಗೆ ರುಚಿಸದು, ಬಲ್ಲೆ. ನನ್ನ ಪಂಪೂ ಹಳ್ಳದಲ್ಲಿಯೇ ಇದೆ, ಅದೂ ಚಿತ್ರದಲ್ಲಿ ಬರಲಿ.

ಫೋಟೋವನ್ನು ವಾಟ್ಸಾಪಿನಲ್ಲಿ ಮಾಮೂಲಿನಂತೆ ಕಳಿಸಿದರೆ ಅದರೊಳಗಿನ ತಾರೀಖು, ಸ್ಥಳದ ವಿವರ ಉಳಿಯುವುದಿಲ್ಲ. ಆದಕಾರಣ ಊರು, ತೋಟ, ದಿನಾಂಕವನ್ನು ಮಳೆ ಪುಸ್ತಕದಲ್ಲಿ ಅಂದೇ ಬರೆಯತಕ್ಕದ್ದು. ಅಚ್ಚು ಹಾಕಿಸಿದ ಪ್ರತಿಗಳನ್ನು ಕಛೇರಿಯ ಬೀರುವಿನಲ್ಲಿ ಇಡಬಹುದು.

ದಿನ ಈಗಲೇ ಗೊತ್ತುಮಾಡಲಾಗದು. ನೀರು ಕಟ್ಟುವ ಮುಂಚಿನ ಹಳ್ಳದ ಫೋಟೋವನ್ನು ಆಯಾ ಊರಿನ ಸದಸ್ಯರೇ ತೆಗೆದಿಡಬೇಕು. ಸಂಚಾರ ಮಾತ್ರ ಹೂಮಳೆಯಾದ ಎಂಟನೆಯ ದಿನದ ಮೇಲೆ, ಹೂವು ನೋಡಿಕೊಂಡು. ಸಂಘದ ಹಣದಿಂದ ವ್ಯಾನಿನ ಬಾಡಿಗೆ ಮಾತ್ರ, ಅದೂ ಸಭೆ ಒಪ್ಪಿದರೆ. ಬುತ್ತಿ ಅವರವರದೇ.